ಇದೆಯೋ ಇಲ್ಲವೋ ತಿಳಿಯದ್ದನ್ನು ಅಳೆಯಲು ಹತ್ತು ವರ್ಷದ ತಯಾರಿ

ಕಳೆದ ಸಂಚಿಕೆಯ ಅಂಕಣದ ಕೊನೆಯಲ್ಲಿ ನಾಲ್ಕು ಸಾಲಿನ ಸುದ್ದಿಯೊಂದನ್ನು ಸೇರಿಸಿದ್ದೆ. ಮಹಾಸ್ಫೋಟದ ನಂತರ ಉಳಿದ ಮೈಕ್ರೋವೇವ್ ಹಿನ್ನೆಲೆ ವಿಕಿರಣದ ಧ್ರುವೀಕರಣವನ್ನು ಹಿಂದೆಂದೂ ಇಲ್ಲದಷ್ಟು ಸೂಕ್ಷ್ಮವಾಗಿ ಅಳೆಯಲು ಹೊರಟಿದ್ದ ‘ಸಿಎಂಬಿ-ಎಸ್4’ ಯೋಜನೆಗೆ ಅಮೆರಿಕದ ಇಂಧನ ಇಲಾಖೆ ಮತ್ತು ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ 2025ರ ಮೇ ತಿಂಗಳಲ್ಲಿ ಬೆಂಬಲ ನಿಲ್ಲಿಸಿದವು ಎಂದು. ಕಪ್ಪುಕುಳಿಯ ಬಗ್ಗೆ ಪುಟಗಟ್ಟಲೆ ಬರೆದಾಗಲೂ ಇಷ್ಟು ಪತ್ರ ಬಂದಿರಲಿಲ್ಲ. ಹೆಚ್ಚಿನವರ ಕುತೂಹಲ ಯೋಜನೆ ಯಾಕೆ ನಿಂತಿತು ಎಂಬುದಕ್ಕಿಂತ, ಅಷ್ಟು ವರ್ಷ ಏನನ್ನು ಯೋಜಿಸುತ್ತ ಕೂತಿದ್ದರು ಎಂಬುದರ ಮೇಲಿದೆ. ಒಳ್ಳೆಯ ಪ್ರಶ್ನೆ. ನಾನು ವೃತ್ತಿಯಲ್ಲಿ ಸಂವೇದಕಗಳ ಕಡೆಯವನು, ಸಿದ್ಧಾಂತದವನಲ್ಲ. ಉತ್ತರಗಳು ಆ ಕಡೆಗೇ ವಾಲಿದರೆ ಸಹಿಸಿಕೊಳ್ಳಿ.

ಪ್ರ: ಧ್ರುವೀಕರಣವೆಂದರೆ ಬೆಳಕಿನ ಕಂಪನ ಒಂದೇ ದಿಕ್ಕಿಗೆ ಒಲಿದಿರುವುದು ಎಂದು ಪಿಯುಸಿಯಲ್ಲಿ ಓದಿದ ನೆನಪು. 1,380 ಕೋಟಿ ವರ್ಷ ಹಳೆಯ ವಿಕಿರಣಕ್ಕೆ ಅಂಥ ಒಲವು ಎಲ್ಲಿಂದ ಬಂತು? ದಾರಿಯಲ್ಲಿ ಯಾವ ಪೋಲರಾಯ್ಡ್ ಹಾಳೆ ಸಿಕ್ಕಿತು?

ಉ: ಹಾಳೆ ಬೇಕಿಲ್ಲ, ಎಲೆಕ್ಟ್ರಾನು ಸಾಕು. ಪೋಲರಾಯ್ಡ್ ಕನ್ನಡಕ ಹಾಕಿಕೊಂಡು, ಸೂರ್ಯನಿಂದ ಸುಮಾರು 90 ಡಿಗ್ರಿ ಆಚೆಗಿರುವ ನೀಲಿ ಆಕಾಶವನ್ನು ನೋಡುತ್ತ ತಲೆ ಓರೆ ಮಾಡಿ. ಆಕಾಶ ಕಪ್ಪಿಟ್ಟು ಮತ್ತೆ ತಿಳಿಯಾಗುವುದು ಕಾಣುತ್ತದೆ. ಯಾವುದಕ್ಕಾದರೂ ತಾಗಿ ಚದುರಿದ ಬೆಳಕು ಧ್ರುವೀಕೃತವಾಗಿರುತ್ತದೆ.

ವಿಶ್ವಕ್ಕೆ ಸುಮಾರು 3 ಲಕ್ಷ 80 ಸಾವಿರ ವರ್ಷ ತುಂಬುವವರೆಗೆ ಎಲ್ಲೆಡೆ ಬಿಡಿ ಎಲೆಕ್ಟ್ರಾನುಗಳೇ. ಬೆಳಕು ಒಂದಕ್ಕೆ ತಾಗಿ ಇನ್ನೊಂದಕ್ಕೆ ಪುಟಿಯುತ್ತ ಇದ್ದಲ್ಲೇ ಇತ್ತು. ತಾಪ ಇಳಿದು ಎಲೆಕ್ಟ್ರಾನುಗಳು ಪರಮಾಣುಗಳೊಳಗೆ ಸೇರಿಕೊಂಡ ಮೇಲೆ ದಾರಿ ತೆರೆಯಿತು. ಆ ಕೊನೆಯ ಪುಟಿತದ ಹೊತ್ತಿನಲ್ಲಿ ಎಲೆಕ್ಟ್ರಾನಿಗೆ ಎಡಬಲದಿಂದ ಬರುವ ಬೆಳಕು ಹೆಚ್ಚು ಬಿಸಿ, ಮೇಲೆಕೆಳಗಿನಿಂದ ಬರುವುದು ಕಡಿಮೆ ಬಿಸಿ ಎಂದಿಟ್ಟುಕೊಳ್ಳಿ. ಚದುರಿ ನಮ್ಮ ಕಡೆ ಬರುವ ಬೆಳಕಿಗೆ ಒಂದು ದಿಕ್ಕಿನ ಒಲವು ಅಂಟಿಕೊಳ್ಳುತ್ತದೆ. ನಾಲ್ಕೂ ಕಡೆ ಸಮನಾಗಿದ್ದರೆ ಏನೂ ಅಂಟುವುದಿಲ್ಲ. ಇಲ್ಲೊಂದು ಇಕ್ಕಟ್ಟಿದೆ. ಅದಕ್ಕೂ ಮೊದಲು ಪುಟಿತ ಎಷ್ಟಿತ್ತೆಂದರೆ ಎಲ್ಲ ದಿಕ್ಕೂ ಸಮನಾಗಿಬಿಡುತ್ತಿತ್ತು. ಆಮೇಲೆ ಚದುರಿಸಲು ಎಲೆಕ್ಟ್ರಾನೇ ಇರಲಿಲ್ಲ. ನಡುವಿನ ಸಣ್ಣ ಅವಧಿಯಲ್ಲಿ ಮಾತ್ರ ಧ್ರುವೀಕರಣ ಹುಟ್ಟಲು ಸಾಧ್ಯವಾಯಿತು. ಅದಕ್ಕೇ ಅದು ಅಷ್ಟು ಕ್ಷೀಣ. ಬಹಳ ಕಾಲದ ನಂತರ ಮೊದಲ ನಕ್ಷತ್ರಗಳು ಪರಮಾಣುಗಳನ್ನು ಮತ್ತೆ ಒಡೆದಾಗ ಇನ್ನಷ್ಟು ಸೇರಿತು. ಅದು ಆಕಾಶದ ಬಹಳ ದೊಡ್ಡ ಹರವಿನಲ್ಲಷ್ಟೇ ಕಾಣುವಂಥದ್ದು.

ಹೀಗೊಂದು ಧ್ರುವೀಕರಣ ಇರಬೇಕೆಂದು ಮಾರ್ಟಿನ್ ರೀಸ್ 1968ರಲ್ಲೇ ಬರೆದರು. ದಕ್ಷಿಣ ಧ್ರುವದಲ್ಲಿದ್ದ ‘ಡಾಸಿ’ ಉಪಕರಣ ಅದನ್ನು ಕಂಡದ್ದು 2002ರಲ್ಲಿ.

ಪ್ರ: ‘ಇ-ಮೋಡ್’, ‘ಬಿ-ಮೋಡ್’ ಎಂದು ಬರೆದಿದ್ದಿರಿ. ಎಲ್ಲರೂ ಬಿ-ಮೋಡ್‌ನ ಬೆನ್ನು ಹತ್ತಿರುವುದೇಕೆ?

ಉ: ಆಕಾಶದ ಪ್ರತಿ ಬಿಂದುವಿನಲ್ಲೂ ಧ್ರುವೀಕರಣದ ದಿಕ್ಕನ್ನು ಒಂದು ಗೀಟಿನಿಂದ ತೋರಿಸಿದರೆ ನಕ್ಷೆಯ ತುಂಬ ಗೀಟುಗಳ ವಿನ್ಯಾಸ ಮೂಡುತ್ತದೆ. ಒಂದು ಬಗೆಯ ವಿನ್ಯಾಸದಲ್ಲಿ ಗೀಟುಗಳು ಕೇಂದ್ರದ ಸುತ್ತ ಬಳೆಯಾಗಿಯೋ ಕೇಂದ್ರದಿಂದ ಹೊರಟ ಕಿರಣಗಳಾಗಿಯೋ ನಿಲ್ಲುತ್ತವೆ. ಕನ್ನಡಿಯಲ್ಲಿ ನೋಡಿದರೂ ಅದು ಹಾಗೆಯೇ ಇರುತ್ತದೆ. ಇದು ಇ. ಇನ್ನೊಂದು ಬಗೆ ಮಗುವಿನ ನೆತ್ತಿಯ ಸುಳಿಯ ಹಾಗೆ: ಬಲಸುಳಿ ಅಥವಾ ಎಡಸುಳಿ, ಕನ್ನಡಿ ಹಿಡಿದರೆ ಅದಲುಬದಲು. ಇದು ಬಿ.

1997ರಲ್ಲಿ ಕಾಮಿಯೋನ್ಕೋವ್‌ಸ್ಕಿ, ಕೊಸೋವ್‌ಸ್ಕಿ, ಸ್ಟೆಬಿನ್ಸ್ ಒಂದು ಕಡೆ, ಸೆಲ್ಯಾಕ್ ಮತ್ತು ಜಲ್ಡಾರಿಯಾಗ ಇನ್ನೊಂದು ಕಡೆ ಕೂತು ಲೆಕ್ಕ ಹಾಕಿ ಒಂದೇ ಮಾತು ಹೇಳಿದರು. ಆದಿವಿಶ್ವದ ಸಾಂದ್ರತೆಯ ಏರುಪೇರು ಎಷ್ಟೇ ಇದ್ದರೂ ಅದರಿಂದ ಇ ಮಾತ್ರ ಹುಟ್ಟುತ್ತದೆ. ಸುಳಿ ಹುಟ್ಟಬೇಕಾದರೆ ಗುರುತ್ವ ಅಲೆಗಳು ಬೇಕು. ವಿಶ್ವ ಹುಟ್ಟಿದ ಕ್ಷಣದಲ್ಲೇ ವಿಪರೀತ ವೇಗದಲ್ಲಿ ಉಬ್ಬಿತು ಎನ್ನುವ ಸಿದ್ಧಾಂತ ನಿಜವಾದರೆ ಅಂಥ ಅಲೆಗಳು ಇದ್ದಿರಬೇಕು, ಆಕಾಶದಲ್ಲಿ ಒಂದೆರಡು ಡಿಗ್ರಿ ಅಗಲದ ಸುಳಿಗಳಾಗಿ ಅವುಗಳ ಗುರುತು ಉಳಿದಿರಬೇಕು. ಆ ಅಲೆಗಳ ಬಲವನ್ನು ಸಾಂದ್ರತೆಯ ಏರುಪೇರಿಗೆ ಹೋಲಿಸಿ ಹೇಳುವ ಸಂಖ್ಯೆಗೆ ‘ಆರ್’ ಎಂದು ಹೆಸರು. ಈ ಅಂಕಣದಲ್ಲಿ ಮುಂದೆ ಬರುವ ಜಗಳವೆಲ್ಲ ಈ ಆರ್‌ನದು.

ಒಂದು ತಕರಾರು ಇಲ್ಲೇ ಹೇಳಿಬಿಡುತ್ತೇನೆ. ದಾರಿಯಲ್ಲಿರುವ ಗೆಲಾಕ್ಸಿ ಸಮೂಹಗಳ ಗುರುತ್ವ ಬೆಳಕನ್ನು ಅಷ್ಟಿಷ್ಟು ಬಾಗಿಸಿ ಇ ವಿನ್ಯಾಸವನ್ನು ಕೊಂಚ ತಿರುಚುತ್ತದೆ. ಆಗಲೂ ಬಿ ಹುಟ್ಟುತ್ತದೆ. ಅದನ್ನು ಸೌತ್ ಪೋಲ್ ಟೆಲಿಸ್ಕೋಪ್ 2013ರಲ್ಲೇ ಕಂಡಿದೆ. ಅದೂ ಸ್ವಾರಸ್ಯದ್ದೇ, ಆದರೆ ನಮಗೆ ಬೇಕಾದ ಬಿ ಅದಲ್ಲ. ಅದನ್ನು ಲೆಕ್ಕ ಹಾಕಿ ಕಳೆಯಬೇಕು.

ಪ್ರ: ಆ ಸಂಕೇತ ಎಷ್ಟು ಚಿಕ್ಕದು? ಸಂಖ್ಯೆಯಲ್ಲೇ ಹೇಳಿ.

ಉ: ವಿಕಿರಣದ ತಾಪ 2.725 ಕೆಲ್ವಿನ್. ಆಕಾಶದ ಒಂದು ಕಡೆಗೂ ಇನ್ನೊಂದು ಕಡೆಗೂ ಇರುವ ತಾಪದ ವ್ಯತ್ಯಾಸ ಸುಮಾರು ಲಕ್ಷದಲ್ಲೊಂದು ಪಾಲು. ಇ ಧ್ರುವೀಕರಣ ಕೆಲವೇ ಮೈಕ್ರೋಕೆಲ್ವಿನ್. ಹುಡುಕುತ್ತಿರುವ ಬಿ, ಆರ್ 0.01 ಎಂದಿಟ್ಟುಕೊಂಡರೂ ಹತ್ತಾರು ನ್ಯಾನೋಕೆಲ್ವಿನ್. ಆರ್ ಇನ್ನೂ ಕಡಿಮೆ ಇದ್ದರೆ ಇದೂ ಕಡಿಮೆ.

ಪ್ರ: ದೂರದರ್ಶಕ ಕಟ್ಟಿದರಾಯಿತು, ನೋಡಿದರಾಯಿತು. ಇದಕ್ಕೆ ವರ್ಷಗಟ್ಟಲೆ ಸಮಿತಿ, ಕಾರ್ಯಾಗಾರ, ವರದಿಗಳ ಅಗತ್ಯವಿತ್ತೇ? ನನಗೇನೋ ಇದು ಕೆಲಸ ಮುಂದೂಡುವ ವಿದ್ಯೆಯಂತೆ ಕಾಣುತ್ತದೆ.

ಉ: ಸಮಿತಿಗಳ ಮೇಲೆ ನನಗೂ ಅಂಥ ಭಕ್ತಿಯೇನಿಲ್ಲ. ಆದರೂ ಇಲ್ಲಿ ನಿಮ್ಮ ಮಾತು ಒಪ್ಪುವುದು ಕಷ್ಟ. ಯಾಕೆಂದು ಸ್ವಲ್ಪ ಉದ್ದವಾಗಿಯೇ ಹೇಳಬೇಕು.

ಇಂದಿನ ಒಳ್ಳೆಯ ಸಂವೇದಕದ ಸ್ವಂತ ಗದ್ದಲ (ಸಂಕೇತದೊಂದಿಗೆ ಬೆರೆಯುವ ಅಡ್ಡಾದಿಡ್ಡಿ ಏರಿಳಿತ) ಎಷ್ಟು ಕಡಿಮೆಯೆಂದರೆ, ಉಳಿದಿರುವ ಗದ್ದಲದಲ್ಲಿ ಹೆಚ್ಚಿನದು ಬೆಳಕಿನದೇ. ಫೋಟಾನುಗಳು ಲೆಕ್ಕ ಹಿಡಿದು ಒಂದಾದ ಮೇಲೊಂದು ಬರುವುದಿಲ್ಲ, ಮನಬಂದಂತೆ ಬರುತ್ತವೆ. ಆ ಏರಿಳಿತವನ್ನು ಯಾವ ಜಾಣನೂ ತೆಗೆಯಲಾರ. ಅಂದರೆ ಇದಕ್ಕಿಂತ ಚುರುಕಾದ ಸಂವೇದಕ ಮಾಡಿದರೂ ಹೆಚ್ಚಿನ ಲಾಭವಿಲ್ಲ. ಉಳಿದದ್ದು ಎರಡೇ ದಾರಿ: ಸಂವೇದಕಗಳ ಸಂಖ್ಯೆ ಹೆಚ್ಚಿಸುವುದು, ನೋಡುವ ಕಾಲ ಹೆಚ್ಚಿಸುವುದು. ನಿಖರತೆ ಎರಡು ಪಟ್ಟಾಗಬೇಕಾದರೆ ಇವೆರಡರ ಗುಣಲಬ್ಧ ನಾಲ್ಕು ಪಟ್ಟಾಗಬೇಕು. ಹಾಗಾಗಿಯೇ ಈ ಪ್ರಯೋಗಗಳನ್ನು ಹಂತಗಳಾಗಿ ಎಣಿಸುವುದು. ಎರಡನೆಯ ಹಂತವೆಂದರೆ ಸಾವಿರದ ಆಸುಪಾಸು ಸಂವೇದಕಗಳು, ಮೂರನೆಯದೆಂದರೆ ಹತ್ತು ಸಾವಿರ, ನಾಲ್ಕನೆಯದೇ ಎಸ್4, ಅದರಲ್ಲಿ ಸುಮಾರು 5 ಲಕ್ಷ. ಒಂದು ವಿಶ್ವವಿದ್ಯಾಲಯದ ಸ್ವಚ್ಛಕೋಣೆಯಲ್ಲಿ ಇಬ್ಬರು ಸಂಶೋಧನಾ ವಿದ್ಯಾರ್ಥಿಗಳು ಸಾವಿರ ಸಂವೇದಕ ಮಾಡಿಯಾರು, 5 ಲಕ್ಷ ಮಾಡಲಾರರು. ಯಾವ ಪ್ರಯೋಗಾಲಯ ಸಂವೇದಕಗಳನ್ನು ಹೊತ್ತ ಸಿಲಿಕಾನ್ ಬಿಲ್ಲೆ ತಯಾರಿಸಬೇಕು, ಯಾವುದು ಪ್ರತಿಯೊಂದನ್ನೂ 0.1 ಕೆಲ್ವಿನ್‌ಗೆ ತಣಿಸಿ ಪರೀಕ್ಷಿಸಬೇಕು, ಎರಡು ಕಡೆ ಮಾಡಿದ ಬಿಲ್ಲೆಗಳು ಒಂದೇ ತರಹ ವರ್ತಿಸದಿದ್ದರೆ ಯಾರ ವಿಧಾನ ಉಳಿಯಬೇಕು? ಇವೆಲ್ಲ ಪ್ರತಿಷ್ಠೆಯ ಪ್ರಶ್ನೆಗಳೂ ಹೌದು. ತಮ್ಮ ಪ್ರಯೋಗ ಮುಚ್ಚಿ ಬೇರೆಯವರದಕ್ಕೆ ಸೇರುವುದೆಂದರೆ ಸುಲಭವೇ? ದಕ್ಷಿಣ ಧ್ರುವದವರು, ಚಿಲಿಯ ಅಟಕಾಮಾ ಮರುಭೂಮಿಯವರು ವರ್ಷಗಟ್ಟಲೆ ಪೈಪೋಟಿ ನಡೆಸಿ ಬಂದವರು.

ಆಮೇಲೆ ಆವರ್ತನದ ಹಂಚಿಕೆ. ಅಂಥ ಚರ್ಚೆಯೊಂದರಲ್ಲಿ ನಾನೂ ಕೂತಿದ್ದೇನೆ. ಹಿನ್ನೆಲೆ ವಿಕಿರಣ ಚೆನ್ನಾಗಿ ಕಾಣುವುದು 90 ಮತ್ತು 150 ಗಿಗಾಹರ್ಟ್ಸ್ ಸುತ್ತ. ಆದರೆ ನಮ್ಮ ಆಕಾಶಗಂಗೆಯೂ ಧ್ರುವೀಕೃತ ಬೆಳಕು ಸೂಸುತ್ತದೆ. ಮೇಲಿನ ಆವರ್ತನಗಳಲ್ಲಿ ಧೂಳಿನದು, ಕೆಳಗಿನವುಗಳಲ್ಲಿ ಕಾಂತಕ್ಷೇತ್ರದಲ್ಲಿ ಸುತ್ತುವ ಎಲೆಕ್ಟ್ರಾನುಗಳದು. ಇವುಗಳನ್ನು ಗುರುತಿಸಿ ಕಳೆಯಲು 220, 270ರಲ್ಲೂ ನೋಡಬೇಕು, 30, 40ರಲ್ಲೂ ನೋಡಬೇಕು. ಧೂಳಿಗೆ ಜಾಗ ಕೊಟ್ಟಷ್ಟೂ ಸಂಕೇತಕ್ಕೆ ಜಾಗ ಕಡಿಮೆ. 30 ಗಿಗಾಹರ್ಟ್ಸ್‌ನ ಅಲೆ ಒಂದು ಸೆಂಟಿಮೀಟರ್ ಉದ್ದ, ಅದನ್ನು ಹಿಡಿಯುವ ಆಂಟೆನಾ ಕೂಡ ದೊಡ್ಡದು, ಒಂದು ಬಿಲ್ಲೆಯಲ್ಲಿ ಕೆಲವೇ ಹಿಡಿಸುತ್ತವೆ. ಆ ಮೂಲೆಯಲ್ಲಿ ಕೂತವರು “ಇಷ್ಟು ಸಾಲದು” ಎನ್ನುತ್ತಿದ್ದರು, ಈ ಮೂಲೆಯವರು “ಇಷ್ಟೇಕೆ” ಎನ್ನುತ್ತಿದ್ದರು. ಇಬ್ಬರ ಬಳಿಯೂ ಕಂಪ್ಯೂಟರಿನಲ್ಲಿ ಕಟ್ಟಿದ ಆಕಾಶಗಳಿದ್ದವು. ಒಂದರಲ್ಲಿ ಧೂಳಿನ ಕಣಗಳೆಲ್ಲ ಒಂದೇ ತಾಪದವು. ಅದರಲ್ಲಿ ಧೂಳು ಕಳೆಯುವುದು ಸಲೀಸು. ಇನ್ನೊಂದರಲ್ಲಿ ದೃಷ್ಟಿರೇಖೆಯ ಉದ್ದಕ್ಕೂ ತಾಪವೂ ಕಾಂತಕ್ಷೇತ್ರವೂ ಬದಲಾಗುತ್ತವೆ. ಅದರಲ್ಲಿ ಎಷ್ಟು ಕಳೆದರೂ ಕೊನೆಗೊಂದು ಸುಳ್ಳು ಆರ್ ಉಳಿದುಬಿಡುತ್ತದೆ. ನಿಜವಾದ ಆಕಾಶ ಯಾವುದರ ಹಾಗಿದೆ ಎಂದು ತಿಳಿಯಬೇಕಾದರೆ ಉಪಕರಣ ಕಟ್ಟಬೇಕು. ಉಪಕರಣ ಹೇಗೆ ಕಟ್ಟಬೇಕೆಂದು ತಿಳಿಯಲು ಆಕಾಶ ಗೊತ್ತಿರಬೇಕು! ಈ ಗಂಟು ಬಿಡಿಸುವ ಕೆಲಸವನ್ನೇ ನೀವು ಸಮಿತಿ ಎನ್ನುತ್ತಿರುವುದು.

ಕಾಗದದ ದಾರಿ ಹೀಗಿತ್ತು. ಮುಂದೆ ಗುರುತ್ವ ಅಲೆಗಳನ್ನು ಮೊದಲ ಬಾರಿ ನೇರವಾಗಿ ಹಿಡಿದ ಲೈಗೋಗಾಗಿ ನೊಬೆಲ್ ಪಡೆದ ರೈನರ್ ವೈಸ್ ಅಧ್ಯಕ್ಷತೆಯ ಕಾರ್ಯಪಡೆ 2005ರಲ್ಲಿ ಬಿ-ಮೋಡ್ ಹುಡುಕಾಟಕ್ಕೆ ನೆಲದಿಂದ ಬಾಹ್ಯಾಕಾಶದವರೆಗೆ ಒಂದು ದಾರಿ ಗೀಚಿಕೊಟ್ಟಿತು. ನಂತರ ನಾಸಾ ‘ಸಿಎಂಬಿಪೋಲ್’ ಎಂಬ ಉಪಗ್ರಹದ ಕಲ್ಪನೆಯನ್ನು ಅಧ್ಯಯನ ಮಾಡಿಸಿತು, ಅದಕ್ಕೆ ಬೇಕಾದ ಸಂಶೋಧನೆಗಳನ್ನು ಜೋಡಿಸಲು ಒಂದು ತಂಡವನ್ನೂ ನೇಮಿಸಿತು. 2013ರಲ್ಲಿ ಅಮೆರಿಕದ ಕಣಭೌತವಿಜ್ಞಾನಿಗಳ ಯೋಜನಾ ಸಭೆಯಲ್ಲಿ ಎಸ್4 ಎಂಬ ಹೆಸರು ಹುಟ್ಟಿತು. 2017ರಲ್ಲಿ ವಿನ್ಯಾಸದ ರೂಪುರೇಷೆ, 2021ರಲ್ಲಿ ಖಗೋಳವಿಜ್ಞಾನದ ದಶವಾರ್ಷಿಕ ಸಮೀಕ್ಷೆಯ ಶಿಫಾರಸು, 2023ರ ಡಿಸೆಂಬರಿನಲ್ಲಿ ಕಣಭೌತವಿಜ್ಞಾನದ ಆದ್ಯತಾ ಸಮಿತಿಯಿಂದ ಹೊಸ ಯೋಜನೆಗಳಲ್ಲಿ ಮೊದಲ ಸ್ಥಾನ. ಮರುವರ್ಷವೇ, ದಕ್ಷಿಣ ಧ್ರುವದ ನೆಲೆಯ ಕಟ್ಟಡ-ವಿದ್ಯುತ್ ವ್ಯವಸ್ಥೆಯನ್ನು ಮೊದಲು ಸರಿಪಡಿಸಬೇಕು, ಅಲ್ಲಿ ಹೊಸದಕ್ಕೆ ಈಗ ಅವಕಾಶವಿಲ್ಲ ಎಂಬ ಉತ್ತರ ಬಂತು. ಅದರ ಮುಂದಿನ ವರ್ಷ ಬಾಗಿಲೇ ಮುಚ್ಚಿತು.

ಪ್ರ: 2014ರಲ್ಲಿ ಗುರುತ್ವ ಅಲೆಗಳ ಸುಳಿ ಸಿಕ್ಕೇಬಿಟ್ಟಿತು ಎಂದು ಪತ್ರಿಕೆಗಳೆಲ್ಲ ಬರೆದವು, ಆಮೇಲೆ ಅದು ಬರೀ ಧೂಳು ಎಂದವು. ಇಷ್ಟು ದೊಡ್ಡ ವಿಜ್ಞಾನಿಗಳು ಆತುರಪಟ್ಟರೇ?

ಉ: ನನ್ನ ಮಟ್ಟಿಗೆ ಆ ಸುದ್ದಿ ಕೊಟ್ಟ ಬೈಸೆಪ್2 ತಂಡದ ಅಳತೆ ಆ ಕಾಲದ ಅತ್ಯುತ್ತಮ ಅಳತೆ. ಅದು ತಪ್ಪೆಂದು ಇವತ್ತಿಗೂ ಯಾರೂ ತೋರಿಸಿಲ್ಲ. ದಕ್ಷಿಣ ಧ್ರುವದಲ್ಲಿ 2010ರಿಂದ 2012ರವರೆಗೆ 512 ಸಂವೇದಕಗಳಿಂದ ಆಕಾಶದ ಸಣ್ಣದೊಂದು ತುಂಡನ್ನೇ ನೋಡುತ್ತಿದ್ದರು. ಅಲ್ಲಿ ಬಿ ಸುಳಿ ಇದ್ದದ್ದು ನಿಜ. ಆದರೆ ನೋಡಿದ್ದೆಲ್ಲ 150 ಗಿಗಾಹರ್ಟ್ಸ್ ಒಂದರಲ್ಲೇ. ಒಂದೇ ಬಣ್ಣದಲ್ಲಿ ನೋಡಿದರೆ ಅದು ಆದಿವಿಶ್ವದ್ದೋ ಮನೆಯ ಧೂಳಿನದ್ದೋ ಹೇಳಲು ಬರುವುದಿಲ್ಲ. ಧೂಳು ಅಲ್ಲಿ ಕಡಿಮೆ ಎಂದು ಆಗ ಲಭ್ಯವಿದ್ದ ಅಂದಾಜುಗಳನ್ನು ನಂಬಿದರು. ಮಾರ್ಚ್ 17ರಂದು ಆರ್ ಸುಮಾರು 0.2 ಎಂದು ಸಾರಿದರು.

ಯುರೋಪಿನ ಪ್ಲಾಂಕ್ ಉಪಗ್ರಹದ ಬಳಿ 353 ಗಿಗಾಹರ್ಟ್ಸ್‌ನ ಧೂಳಿನ ನಕ್ಷೆ ಇತ್ತು, ಆದರೆ ಅದಿನ್ನೂ ಹೊರಬಂದಿರಲಿಲ್ಲ. ಅದೇ ಸೆಪ್ಟೆಂಬರಿನಲ್ಲಿ ಬಂದಾಗ ಆ ತುಂಡಿನಲ್ಲೂ ಸಾಕಷ್ಟು ಧೂಳಿತ್ತು. ಆಮೇಲೆ ಆದದ್ದಕ್ಕೆ ಪತ್ರಿಕೆಗಳಲ್ಲಿ ಅಷ್ಟು ಜಾಗ ಸಿಗಲಿಲ್ಲ. ಎರಡೂ ತಂಡಗಳು ದತ್ತಾಂಶ ಮುಂದಿಟ್ಟುಕೊಂಡು ಒಟ್ಟಿಗೆ ಕೂತವು. 2015ರ ಆರಂಭದಲ್ಲಿ ಜಂಟಿ ಪ್ರಬಂಧ ಬಂತು: ಆರ್ 0.12ಕ್ಕಿಂತ ಕಡಿಮೆ, ಕಂಡದ್ದರಲ್ಲಿ ಬಹುಪಾಲು ಧೂಳು. ಎದುರಾಳಿಗಳು ವರ್ಷವೊಂದು ಮೊದಲೇ ಹಾಗೆ ಕೂತಿದ್ದರೆ ಸುದ್ದಿಗೋಷ್ಠಿಯೇ ನಡೆಯುತ್ತಿರಲಿಲ್ಲ. ಆತುರ ಎಂದಿರಲ್ಲ, ಪತ್ರಿಕಾಗೋಷ್ಠಿಯ ಮಟ್ಟಿಗೆ ಹೌದು. ಅಳತೆಯ ಮಟ್ಟಿಗಲ್ಲ.

ಅದೇ ತಂಡ 95 ಮತ್ತು 220 ಗಿಗಾಹರ್ಟ್ಸ್ ಸೇರಿಸಿಕೊಂಡು 2021ರಲ್ಲಿ ಆರ್ 0.036ಕ್ಕಿಂತ ಕಡಿಮೆ ಎಂದು ತೋರಿಸಿತು. ಮುಖಭಂಗವಾದ ಮೇಲೂ ಅದೇ ಮಂಜಿನ ಮೇಲೆ ನಿಂತು, ತಮ್ಮದೇ ಹಳೆಯ ಘೋಷಣೆಯನ್ನು ಐದು ಪಟ್ಟಿಗೂ ಹೆಚ್ಚು ಕೆಳಗಿಳಿಸಿದವರು ಇವರು. ಈ ಭಾಗಕ್ಕೆ ನಾನು ಟೋಪಿ ತೆಗೆಯುತ್ತೇನೆ.

ಪ್ರ: ಹಾಗಾದರೆ ನಾಳೆ ಇನ್ನೊಬ್ಬರು “ಸಿಕ್ಕಿತು” ಎಂದರೆ ನಂಬುವುದು ಹೇಗೆ?

ಉ: ನಾನಾದರೆ ಮೊದಲ ಪುಟ ಬಿಟ್ಟು ಶೂನ್ಯ ಪರೀಕ್ಷೆಗಳ ಕೋಷ್ಟಕಕ್ಕೆ ಹೋಗುತ್ತೇನೆ. ದತ್ತಾಂಶವನ್ನು ಎರಡು ಪಾಲು ಮಾಡಿ ಒಂದರಿಂದ ಇನ್ನೊಂದನ್ನು ಕಳೆಯುವುದು: ಮೊದಲರ್ಧ ಋತು ಮತ್ತು ಎರಡನೆಯರ್ಧ, ದೂರದರ್ಶಕ ಎಡಕ್ಕೆ ಚಲಿಸಿದಾಗಿನದು ಮತ್ತು ಬಲಕ್ಕೆ ಚಲಿಸಿದಾಗಿನದು, ಬಿಲ್ಲೆಯ ಒಳಗಿನ ಸಂವೇದಕಗಳು ಮತ್ತು ಅಂಚಿನವು. ಆಕಾಶದ ಸಂಕೇತ ಎರಡರಲ್ಲೂ ಒಂದೇ ಆದ್ದರಿಂದ ಕಳೆದಾಗ ಏನೂ ಉಳಿಯಬಾರದು. ಉಳಿದರೆ ಅದು ನಮ್ಮ ಯಂತ್ರದ್ದು. ಆಮೇಲೆ ಆವರ್ತನಗಳು ತಾಳೆಯಾಗುತ್ತವೆಯೇ, ಆಕಾಶದ ಬೇರೆ ತುಂಡಿನಲ್ಲಿ ಬೇರೆ ಉಪಕರಣಕ್ಕೂ ಅದೇ ಆರ್ ಸಿಗುತ್ತದೆಯೇ ನೋಡುತ್ತೇನೆ.

ಜೊತೆಗೆ ಕೋನ. ಸಂವೇದಕ ತಾನು ಯಾವ ದಿಕ್ಕಿನ ಕಂಪನ ಅಳೆಯುತ್ತಿದ್ದೇನೆ ಎಂಬುದರಲ್ಲಿ ಅರ್ಧ ಡಿಗ್ರಿ ತಪ್ಪಿದರೆ ಸಾಕು, ಇ ಸೋರಿ ಬಿ ಆಗಿ ತೋರುತ್ತದೆ. ಈ ಕೋನದ ತಲೆಬಿಸಿಯಿಂದಲೇ ಇನ್ನೊಂದು ರೋಚಕ ಸಂಗತಿ ಹೊರಬಂತು. 2020ರಲ್ಲಿ ಮಿನಾಮಿ ಮತ್ತು ಕೊಮಾತ್ಸು ಪ್ಲಾಂಕ್ ದತ್ತಾಂಶದಲ್ಲಿ ಆಕಾಶಗಂಗೆಯ ಧೂಳನ್ನೇ ಅಳತೆಗೋಲು ಮಾಡಿಕೊಂಡು ಸಂವೇದಕದ ಕೋನದೋಷವನ್ನು ಬೇರ್ಪಡಿಸಿದರು. ಆಮೇಲೂ ಸುಮಾರು 0.35 ಡಿಗ್ರಿ ತಿರುವು ಉಳಿಯುವ ಸುಳಿವು ಕಂಡರು. ಅದು ನಿಜವಾದರೆ ಬೆಳಕು ದಾರಿಯುದ್ದಕ್ಕೂ ಯಾವುದೋ ಹೊಸ ಕ್ಷೇತ್ರದ ಪ್ರಭಾವಕ್ಕೆ ಸಿಕ್ಕಿ ತಿರುಗಿದೆ ಎಂದಾಗುತ್ತದೆ. ಸುಳಿವು ಮಾತ್ರ, ಸಂಭ್ರಮಿಸಲು ಹೊತ್ತಾಗಿಲ್ಲ.

ಪ್ರ: ಆ ಸಂವೇದಕ ಕಣ್ಣಿಗೆ ಹೇಗೆ ಕಾಣುತ್ತದೆ? ಕೈಯಲ್ಲಿ ಹಿಡಿಯಬಹುದೇ?

ಉ: ಬಿಲ್ಲೆಯನ್ನು ಹಿಡಿಯಬಹುದು, ಅಂಚಿನಲ್ಲಿ, ಕೈಗವಸು ಹಾಕಿ, ಉಸಿರು ಬಿಗಿಹಿಡಿದು. 150 ಮಿಲಿಮೀಟರ್ ಅಗಲದ ಸಿಲಿಕಾನ್. ಸೂಕ್ಷ್ಮದರ್ಶಕದಡಿ ಇಟ್ಟರೆ ಸಾಲುಸಾಲು ಆಂಟೆನಾಗಳು, ಪ್ರತಿಯೊಂದರ ಪಕ್ಕದಲ್ಲಿ ಪುಟ್ಟ ಪುಟ್ಟ ದ್ವೀಪಗಳು. ಸುಮಾರು ಒಂದು ಮೈಕ್ರಾನ್ ದಪ್ಪದ ಸಿಲಿಕಾನ್ ನೈಟ್ರೈಡ್ ಪದರ, ಸುತ್ತ ಖಾಲಿ, ತೆಳ್ಳನೆಯ ಕಾಲುಗಳ ಮೇಲೆ ತೂಗುಬಿದ್ದಿರುತ್ತದೆ. ಮೇಲೊಂದು ಚೂರು ಅತಿವಾಹಕ ಲೋಹ, ಅಂದರೆ ಸಾಕಷ್ಟು ತಣಿಸಿದರೆ ವಿದ್ಯುತ್ತಿಗೆ ರೋಧವನ್ನೇ ಒಡ್ಡದ ಲೋಹ. ಅದನ್ನು ಅತಿವಾಹಕವಾಗುವ ತಾಪದ ಸರಿಯಾಗಿ ನಡುವೆ, ಅತ್ತಲೂ ಅಲ್ಲ ಇತ್ತಲೂ ಅಲ್ಲ ಎಂಬಲ್ಲಿ ನಿಲ್ಲಿಸಿರುತ್ತೇವೆ. ಅಲ್ಲಿ ಕಿಂಚಿತ್ ಬಿಸಿ ತಾಗಿದರೂ ರೋಧ ಜಿಗಿಯುತ್ತದೆ. ಆಂಟೆನಾ ಅಡ್ಡ ಕಂಪನವನ್ನು ಒಂದು ದ್ವೀಪಕ್ಕೂ ಲಂಬ ಕಂಪನವನ್ನು ಇನ್ನೊಂದಕ್ಕೂ ಕಳಿಸುತ್ತದೆ. ಎರಡರ ವ್ಯತ್ಯಾಸವೇ ಧ್ರುವೀಕರಣ.

ದ್ವೀಪವನ್ನು ಹೊರಗಿನ ಮಂಡಲಕ್ಕೆ ಸೇರಿಸುವುದು ಕೂದಲಿಗಿಂತ ತೆಳುವಾದ ಅಲ್ಯೂಮಿನಿಯಂ ತಂತಿಗಳು, ಒಂದು ಬಿಲ್ಲೆಗೆ ಸಾವಿರಗಟ್ಟಲೆ. ಶೀತಕಕ್ಕೆ ಹಾಕಿ ಮುಚ್ಚಿ 0.1 ಕೆಲ್ವಿನ್‌ಗೆ ಇಳಿಸಲು ದಿನಗಳೇ ಬೇಕು. ಇಳಿದ ಮೇಲೆ ಒಂದು ಸಾಲು ಸಂವೇದಕಗಳು ಉಸಿರೇ ಎತ್ತದಿದ್ದರೆ, ಮತ್ತೆ ದಿನಗಟ್ಟಲೆ ಬಿಸಿಯೇರಿಸಿ, ತೆಗೆದು, ಯಾವ ತಂತಿ ಬಿಟ್ಟಿದೆ ಎಂದು ಹುಡುಕಬೇಕು. ಹುಡುಕಿದರೆ ತಂತಿಯೆಲ್ಲ ಸರಿ, ಕೆಳಗಿನ ಕನೆಕ್ಟರ್ ಸಡಿಲ! ಪಕ್ಕದಲ್ಲಿ ಯಾರದೋ ಮೊಬೈಲ್ ಚಾಲೂ ಇದ್ದರೂ ಸಂವೇದಕಗಳಿಗೆ ಅದೊಂದು ದೊಡ್ಡ ಗಲಾಟೆ. 5 ಲಕ್ಷ ಎಂಬ ಸಂಖ್ಯೆ ಕಾಗದದಲ್ಲಿ ಬರೆದಾಗ ನನ್ನಂಥವರ ಹೊಟ್ಟೆ ತೊಳಸುವುದು ಇದಕ್ಕೇ.

ಪ್ರ: ದಕ್ಷಿಣ ಧ್ರುವ ಮತ್ತು ಚಿಲಿಯ ಮರುಭೂಮಿಯೇ ಯಾಕೆ? ಹಿಮಾಲಯ ಆಗದೇ? ಭಾರತ ಉಪಗ್ರಹ ಹಾರಿಸಬಾರದೇ?

ಉ: ಮೈಕ್ರೋವೇವ್‌ಗೆ ನೀರಾವಿಯೇ ಶತ್ರು. ದಕ್ಷಿಣ ಧ್ರುವದ ಗಾಳಿಯಲ್ಲಿ ಅದು ಅತ್ಯಲ್ಪ, ಆರು ತಿಂಗಳು ಸೂರ್ಯನ ಕಾಟವಿಲ್ಲ, ಒಂದೇ ತುಂಡು ಆಕಾಶ ಮುಳುಗದೆ ತಲೆಯ ಮೇಲೆ ಸುತ್ತುತ್ತಿರುತ್ತದೆ. ಅಟಕಾಮಾದಲ್ಲಿ ಸೈಮನ್ಸ್ ವೀಕ್ಷಣಾಲಯ ಇರುವುದು 5,200 ಮೀಟರ್ ಎತ್ತರದಲ್ಲಿ. ಅಲ್ಲಿಂದ ಆಕಾಶದ ಅರ್ಧಕ್ಕಿಂತ ಹೆಚ್ಚು ಭಾಗ ಕಾಣುತ್ತದೆ. ತೆಳು ಮೋಡದ ಮಂಜಿನ ಹರಳುಗಳು ನೆಲದ ಶಾಖವನ್ನು ಚದುರಿಸಿ ಸುಳ್ಳು ಧ್ರುವೀಕರಣ ಮೂಡಿಸುವುದೂ ಉಂಟು, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಟಿಬೆಟಿನ ಎತ್ತರದಲ್ಲಿ ಚೀನಾ ‘ಅಲಿಸಿಪಿಟಿ’ ಎಂಬ ದೂರದರ್ಶಕ ಸ್ಥಾಪಿಸಿದೆ, ಉತ್ತರ ಗೋಳಾರ್ಧದ ಆಕಾಶಕ್ಕೆ ಅದು ಮುಖ್ಯ.

ನೆಲದಿಂದ ಎಷ್ಟು ಎತ್ತರ ಹತ್ತಿದರೂ 60 ಮತ್ತು 118 ಗಿಗಾಹರ್ಟ್ಸ್ ಸುತ್ತ ಆಮ್ಲಜನಕ ಅಡ್ಡ ನಿಲ್ಲುತ್ತದೆ. ಇಡೀ ಆಕಾಶವನ್ನು ಎಲ್ಲ ಆವರ್ತನದಲ್ಲೂ ನೋಡಲು ಉಪಗ್ರಹವೇ ಬೇಕು. ಜಪಾನಿನ ಜಾಕ್ಸಾ 2019ರಲ್ಲಿ ‘ಲೈಟ್‌ಬರ್ಡ್’ ಎಂಬುದನ್ನು ಆರಿಸಿದೆ, ಉಡಾವಣೆ 2030ರ ದಶಕಕ್ಕೆ ಹೋಗಿದೆ. ಭಾರತದ ವಿಜ್ಞಾನಿಗಳ ‘ಸಿಎಂಬಿ-ಭಾರತ್’ ಒಕ್ಕೂಟ 2018ರಲ್ಲಿ ಇಸ್ರೋಗೆ ಪ್ರಸ್ತಾವ ಸಲ್ಲಿಸಿದೆ. ಸಿದ್ಧಾಂತ ಮತ್ತು ದತ್ತಾಂಶ ವಿಶ್ಲೇಷಣೆಯಲ್ಲಿ ನಮ್ಮವರು ಯಾರಿಗೂ ಕಡಿಮೆಯಿಲ್ಲ. 0.1 ಕೆಲ್ವಿನ್ ಶೀತಕ ಮತ್ತು ಸಾವಿರಾರು ಸಂವೇದಕಗಳ ಬಿಲ್ಲೆ ಮಾಡುವ ಕೈಗಳನ್ನು ಬೆಳೆಸುವುದೇ ಇಲ್ಲಿ ದೊಡ್ಡ ಕೆಲಸ. ಅದು ಪ್ರಸ್ತಾವ ಒಪ್ಪಿಗೆಯಾಗುವವರೆಗೆ ಕಾಯಬೇಕಾದ ಕೆಲಸವಲ್ಲ ಎಂಬುದು ನನ್ನ ಹಳೆಯ ಹಟ.

ಪ್ರ: ಆರ್ ಸೊನ್ನೆಯೇ ಆಗಿದ್ದರೆ?

ಉ: ಸೊನ್ನೆ ಎಂದು ಯಾರಿಗೂ ಸಾಬೀತು ಮಾಡಲಾಗದು, ಇಷ್ಟಕ್ಕಿಂತ ಕಡಿಮೆ ಎನ್ನಬಹುದು. ಹಾಗೆನ್ನುವುದಕ್ಕೂ ಬೆಲೆಯಿದೆ. ಒಂದು ಕಾಲದಲ್ಲಿ ಪಠ್ಯಪುಸ್ತಕಗಳ ಅಚ್ಚುಮೆಚ್ಚಿನದಾಗಿದ್ದ ವಿಶ್ವದ ಆದಿ ಉಬ್ಬುವಿಕೆಯ ಸರಳ ಮಾದರಿಗಳು ಆರ್ 0.1ಕ್ಕಿಂತ ಹೆಚ್ಚಿರಬೇಕೆಂದಿದ್ದವು, ಅವು ಈಗಾಗಲೇ ಹೊರಬಿದ್ದಿವೆ. ಸ್ಟಾರೊಬಿನ್‌ಸ್ಕಿ 1980ರಲ್ಲಿ ಮುಂದಿಟ್ಟ ಮಾದರಿ 0.003ರಿಂದ 0.004ರ ಆಸುಪಾಸು ಎನ್ನುತ್ತದೆ. ಎಸ್4 ಗುರಿ 0.001 ಎಂದು ಇಟ್ಟುಕೊಂಡದ್ದು ಕಣ್ಣು ಮುಚ್ಚಿ ಅಲ್ಲ: ಆ ಮಟ್ಟಕ್ಕೆ ಇಳಿದರೆ ಈ ಗುಂಪಿನ ಮಾದರಿಗಳು ಒಂದೋ ಕಾಣಿಸಬೇಕು, ಇಲ್ಲವೋ ಅವಕ್ಕೂ ಬಾಗಿಲು ತೋರಿಸಬೇಕು.

ಪ್ರ: ನಿಂತುಹೋದ ಯೋಜನೆಗೆ ಅಷ್ಟು ಜನ ಹಾಕಿದ ದುಡಿಮೆ ನೀರಿನಲ್ಲಿ ಹೋಮವೇ?

ಉ: ಅದನ್ನೇ ನಂಬಿ ವೃತ್ತಿ ಕಟ್ಟಿಕೊಂಡ ಕಿರಿಯರ ಮಟ್ಟಿಗೆ ನಷ್ಟ ನಿಜವಾದದ್ದು, ಅದಕ್ಕೆ ಬಣ್ಣ ಹಚ್ಚಲಾರೆ. ಸಾಮಗ್ರಿಯ ಮಟ್ಟಿಗೆ ಹಾಗಲ್ಲ. ಆವರ್ತನ ಹಂಚಿಕೆಯ ಲೆಕ್ಕ, ಧೂಳಿನ ಮಾದರಿಗಳು, ಬಿಲ್ಲೆ ತಯಾರಿಕೆಯ ವಿಧಾನಗಳು ಮುಕ್ತವಾಗಿ ಪ್ರಕಟವಾಗಿವೆ. ಸೈಮನ್ಸ್ ವೀಕ್ಷಣಾಲಯ ಸುಮಾರು 60,000 ಸಂವೇದಕಗಳ ವಿನ್ಯಾಸದೊಂದಿಗೆ ಕಣ್ಣು ತೆರೆದಿದೆ. ದಕ್ಷಿಣ ಧ್ರುವದಲ್ಲಿ ಬೈಸೆಪ್ ಅರೇ ಮತ್ತು ಸೌತ್ ಪೋಲ್ ಟೆಲಿಸ್ಕೋಪ್ ಜಂಟಿಯಾಗಿ, ಒಂದು ಸುಳಿ ಹುಡುಕಲು, ಇನ್ನೊಂದು ಗೆಲಾಕ್ಸಿಗಳು ತಿರುಚಿದ ಭಾಗ ಕಳೆಯಲು, ಕೆಲಸ ಮಾಡುತ್ತಿವೆ. ಎಸ್4ಗಾಗಿ ಕಲಿತದ್ದನ್ನು ಇವರೇ ಬಳಸುತ್ತಿದ್ದಾರೆ.

ಪ್ರ: ನಾನು ಬಿ.ಎಸ್ಸಿ. ಎರಡನೆಯ ವರ್ಷದ ವಿದ್ಯಾರ್ಥಿನಿ. ಈ ಕ್ಷೇತ್ರಕ್ಕೆ ಬರಬೇಕೆಂದಿದೆ. ಈಗಲೇ ಏನು ಮಾಡಬಹುದು?

ಉ: ಯಾರ ಅಪ್ಪಣೆಗೂ ಕಾಯದೆ ಇವತ್ತೇ ಶುರುಮಾಡಿ. ಪ್ಲಾಂಕ್‌ನ ನಕ್ಷೆಗಳು ಯುರೋಪಿನ ಬಾಹ್ಯಾಕಾಶ ಸಂಸ್ಥೆಯ ಸಂಗ್ರಹದಲ್ಲಿ, ಬೈಸೆಪ್ ಮುಂತಾದವುಗಳ ದತ್ತಾಂಶ ನಾಸಾದ ‘ಲ್ಯಾಂಬ್ಡಾ’ ಸಂಗ್ರಹದಲ್ಲಿ ಉಚಿತವಾಗಿ ಸಿಗುತ್ತವೆ. ಪೈಥಾನ್ ಬರುತ್ತದೆಯೆಂದುಕೊಂಡಿದ್ದೇನೆ, ‘ಹೀಲ್‌ಪೈ’ ಎಂಬ ತಂತ್ರಾಂಶ ಕೋಶ ಹಾಕಿಕೊಳ್ಳಿ, ನಕ್ಷೆ ತೆರೆಯಲು ಅದೇ ಬೇಕು. ಮೊದಲು 353 ಗಿಗಾಹರ್ಟ್ಸ್‌ನ ಧ್ರುವೀಕರಣ ನಕ್ಷೆ ತೆರೆದು ಧೂಳು ಎಲ್ಲೆಲ್ಲಿದೆ ನೋಡಿ, ಆಮೇಲೆ ಅದನ್ನು 143ರ ನಕ್ಷೆಯ ಪಕ್ಕ ಇಡಿ. ಬಿ-ಮೋಡ್ ಲೆಕ್ಕಕ್ಕೆ ಕೈ ಹಾಕುವ ಮೊದಲು ಶೂನ್ಯ ಪರೀಕ್ಷೆಯೊಂದನ್ನು ನೀವೇ ಮಾಡಿ: ಒಂದೇ ಆವರ್ತನದ ಎರಡು ಅರ್ಧ-ಅವಧಿಯ ನಕ್ಷೆಗಳನ್ನು ಇಳಿಸಿಕೊಂಡು ಕಳೆಯಿರಿ, ಉಳಿದದ್ದು ಬರೀ ಗದ್ದಲವೇ ಅಥವಾ ಅದರಲ್ಲಿ ಆಕಾಶಗಂಗೆಯ ಪಟ್ಟಿ ಇನ್ನೂ ಕಾಣುತ್ತಿದೆಯೇ ನೋಡಿ. ಕಂಡರೆ ಯಾಕೆಂದು ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಅದನ್ನೇ ಚರ್ಚಿಸೋಣ. ಮೂಲ ಕಡತಗಳು ಭಾರಿ ದೊಡ್ಡವು. ನಕ್ಷೆಯ ಸೂಕ್ಷ್ಮತೆ ಇಳಿಸಿಕೊಂಡರೆ ಸಾಧಾರಣ ಲ್ಯಾಪ್‌ಟಾಪ್ ಸಾಕು.